ಬರುವುದಕ್ಕೂ ಹೊರಡುವುದಕ್ಕೂ ಒಂದೇ ಕ್ರಿಯಾಪದ: ಲ್ಯಾಟಿನ್ನಿನ 'ಪ್ಲಿಕಾರೆ'

ಪ್ರಶ್ನೆ: ಕೆಲಸದ ನಿಮಿತ್ತ ಯುರೋಪಿನಲ್ಲಿ ಓಡಾಡುತ್ತಿರುತ್ತೇನೆ, ಸ್ವಲ್ಪ ಸ್ಪ್ಯಾನಿಷ್ ಬರುತ್ತದೆ. ಮ್ಯಾಡ್ರಿಡ್ ವಿಮಾನ ನಿಲ್ದಾಣದ ಫಲಕದಲ್ಲಿ 'ಯೆಗಾದಾಸ್' ಎಂದಿದ್ದರೆ ಆಗಮನ. ಬುಕಾರೆಸ್ಟಿನಲ್ಲಿ 'ಪ್ಲೆಕರಿ' ಎಂದಿದ್ದರೆ ನಿರ್ಗಮನ. ಎರಡೂ ಲ್ಯಾಟಿನ್ನಿನ 'ಪ್ಲಿಕಾರೆ' ಎಂಬ ಒಂದೇ ಕ್ರಿಯಾಪದದ ಮಕ್ಕಳು, ಅದರ ಅರ್ಥ 'ಮಡಚು' ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಸ್ಪೇನಿನ ಕಡೆಯವರು ನಾವಿಕರು, ಹಾಯಿ ಮಡಚಿದರೆ ಊರಿಗೆ ಬಂದಂತೆ. ರೊಮೇನಿಯಾದ ಕಡೆಯವರು ಸೈನಿಕರು, ಡೇರೆ ಮಡಚಿದರೆ ಹೊರಟಂತೆ ಎಂಬುದು ಅವರು ಕೊಟ್ಟ ಕಾರಣ. ಇದು ನಿಜವೇ, ಅಥವಾ ಕಟ್ಟುಕಥೆಯೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಮೊದಲರ್ಧ ನಿಸ್ಸಂಶಯವಾಗಿ ನಿಜ. ಎರಡನೆಯ ಅರ್ಧ, ಅಂದರೆ ಹಾಯಿ ಮತ್ತು ಡೇರೆಯ ಕಥೆ, ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಬಹುಶಃ ಅಷ್ಟು ಚೆನ್ನಾಗಿರುವುದೇ ಅದರ ತೊಂದರೆ. ಭಾಷಾಶಾಸ್ತ್ರದ ತರಗತಿಗಳಲ್ಲಿ ಅದನ್ನು ಹೇಳಿದ ತಕ್ಷಣ ವಿದ್ಯಾರ್ಥಿಗಳ ಮುಖ ಅರಳುತ್ತದೆ, ಪಾಠ ಅಲ್ಲಿಗೆ ಮುಗಿದುಹೋಗುತ್ತದೆ, ಸಾಕ್ಷ್ಯವೇನು ಎಂದು ಯಾರೂ ಕೇಳುವುದಿಲ್ಲ. ಸಾಕ್ಷ್ಯವನ್ನು ಹುಡುಕಿಕೊಂಡು ಹೋದರೆ ಸಿಗುವ ದಾರಿ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಆ ದಾರಿಯೇ ಹೆಚ್ಚು ಸ್ವಾರಸ್ಯದ್ದು.

ಮೊದಲು ಧ್ವನಿಯ ವಿಚಾರವನ್ನು ಮುಗಿಸಿಬಿಡೋಣ, ಏಕೆಂದರೆ ಅರ್ಥ ಎಷ್ಟೇ ಹೊಂದಿದರೂ ಧ್ವನಿ ಹೊಂದದಿದ್ದರೆ ವ್ಯುತ್ಪತ್ತಿ ನಿಲ್ಲುವುದಿಲ್ಲ. 'ಯೆಗಾರ್' ಮತ್ತು 'ಪ್ಲೆಕಾ' ಎಂಬ ಶಬ್ದಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಇವಕ್ಕೆ ರಕ್ತಸಂಬಂಧವಿದೆ ಎಂದು ಯಾರೂ ಹೇಳಲಾರರು. ಆದರೆ ಲ್ಯಾಟಿನ್ ಪದದ ಮೊದಲಿಗೆ 'ಪ್ಲ' ಇದ್ದರೆ ಅದು ಸ್ಪ್ಯಾನಿಷ್‌ನಲ್ಲಿ 'ಲ್ಯ' ಆಗಿ, ಈಚಿನ ಶತಮಾನಗಳಲ್ಲಿ ಬಹುತೇಕರ ಬಾಯಲ್ಲಿ 'ಯ' ಆಯಿತು. ಪೋರ್ಚುಗೀಸ್‌ನಲ್ಲಿ 'ಚ' ಆಗಿ ಇಂದು 'ಶ' ಆಗಿದೆ. ಇಟಾಲಿಯನ್‌ನಲ್ಲಿ 'ಪ್ಯ' ಆಯಿತು. ಫ್ರೆಂಚ್ ಮತ್ತು ರೊಮೇನಿಯನ್‌ಗಳಲ್ಲಿ 'ಪ್ಲ' ಹಾಗೆಯೇ ಉಳಿಯಿತು. 'ತುಂಬಿದ' ಎಂಬರ್ಥದ ಲ್ಯಾಟಿನ್ 'ಪ್ಲೇನುಸ್' ಪದವನ್ನು ಹಿಡಿದು ಪರೀಕ್ಷಿಸಿ: ಸ್ಪ್ಯಾನಿಷ್‌ನಲ್ಲಿ 'ಯೆನೊ', ಪೋರ್ಚುಗೀಸ್‌ನಲ್ಲಿ 'ಶೆಯು', ಇಟಾಲಿಯನ್‌ನಲ್ಲಿ 'ಪ್ಯೇನೊ', ರೊಮೇನಿಯನ್‌ನಲ್ಲಿ 'ಪ್ಲಿನ್'. ಮಳೆಯನ್ನು ಹೇಳುವ 'ಪ್ಲುವಿಯಾ' ಕೂಡ ಇದೇ ಸಾಲಿನಲ್ಲಿ ಯೂವಿಯಾ, ಶೂವಾ, ಪ್ಯೊಜ್ಜಾ, ಪ್ಲ್ವಾಯೆ ಎಂದು ಹೊರಡುತ್ತದೆ. ಹಳಗನ್ನಡದ ಪಾಲ್, ಪೂ, ಪೋಗು ಎಂಬವು ಹೊಸಗನ್ನಡದಲ್ಲಿ ಹಾಲು, ಹೂ, ಹೋಗು ಆದದ್ದು, ತಮಿಳಿನಲ್ಲಿ ಪಕಾರವೇ ಉಳಿದದ್ದು ನಮಗೆ ಶಾಲೆಯಿಂದಲೇ ಗೊತ್ತಿರುವುದರಿಂದ ಇಂಥ ಸಾಲುಗಳನ್ನು ನಂಬುವುದು ಕನ್ನಡಿಗರಿಗೆ ಕಷ್ಟವಾಗಬಾರದು.

ಇನ್ನು ಒಳಗಿನ ಅಕ್ಷರಗಳು. 'ಪ್ಲಿಕಾರೆ'ಯ ಹ್ರಸ್ವ ಇಕಾರ ಬಹುತೇಕ ಕಡೆ ಎಕಾರವಾಯಿತು. ಸ್ವರಗಳ ನಡುವಿನ ಕಕಾರ ಪಶ್ಚಿಮದಲ್ಲಿ ಗಕಾರವಾಗಿ ಮೆದುವಾಯಿತು, ಫ್ರಾನ್ಸಿನಲ್ಲಿ ಇನ್ನೂ ಸವೆದು ಯಕಾರವಾಯಿತು, ರೊಮೇನಿಯಾದಲ್ಲಿ ಕಕಾರವಾಗಿಯೇ ನಿಂತಿತು. ಹೀಗೆ ಸ್ಪ್ಯಾನಿಷ್ 'ಯೆಗಾರ್', ಪೋರ್ಚುಗೀಸ್ 'ಶೆಗಾರ್', ಇಟಾಲಿಯನ್ 'ಪ್ಯೆಗಾರೆ', ಫ್ರೆಂಚ್ 'ಪ್ಲಿಯೆ' ಮತ್ತು 'ಪ್ಲ್ವಾಯೆ', ರೊಮೇನಿಯನ್ 'ಪ್ಲೆಕಾ' ಎಲ್ಲವೂ ನಿಯಮಬದ್ಧವಾಗಿ ಒಂದೇ ಮನೆಯವು. ಇವುಗಳಲ್ಲಿ ಸ್ವಲ್ಪ ಎಡವಿದ್ದು ಫ್ರೆಂಚಿನ 'ಪ್ಲಿಯೆ' ಮಾತ್ರ. ಧ್ವನಿನಿಯಮದ ಪ್ರಕಾರ ಸಿಗಬೇಕಾದ ರೂಪ 'ಪ್ಲ್ವಾಯೆ'ಯೇ. 'ಪ್ರಾರ್ಥಿಸು' ಎಂಬರ್ಥದ 'ಪ್ರಿಯೆ'ಯಂಥ ಕ್ರಿಯಾಪದಗಳನ್ನು ನೋಡಿಕೊಂಡು 'ಪ್ಲಿಯೆ' ಎಂಬ ಇನ್ನೊಂದು ರೂಪ ಹುಟ್ಟಿಕೊಂಡಿತು. ಎರಡೂ ಬದುಕಿ, ಕಾಗದ ಬಟ್ಟೆಗಳನ್ನು ಮಡಚುವುದಕ್ಕೆ 'ಪ್ಲಿಯೆ', ಕೊಂಬೆ ಬಾಗುವುದಕ್ಕೆ 'ಪ್ಲ್ವಾಯೆ' ಎಂದು ಹೆಚ್ಚುಕಡಿಮೆ ಪಾಲು ಮಾಡಿಕೊಂಡಿವೆ.

ಈಗ ಅರ್ಥ. ಲ್ಯಾಟಿನ್ನಿನಲ್ಲಿ 'ಪ್ಲಿಕಾರೆ' ಎಂದರೆ ಮಡಚು, ಸುತ್ತು, ಸುರುಳಿಯಾಗಿಸು. ಗ್ರೀಕಿನ 'ಪ್ಲೆಕೋ', ಜರ್ಮನ್ನಿನ 'ಫ್ಲೆಖ್ಟೆನ್', ಎರಡೂ ಹೆಣೆಯುವುದನ್ನು ಹೇಳುವ ಮಾತುಗಳು, ಇದರ ದೂರದ ನೆಂಟರು. ಶಿಷ್ಟ ಲ್ಯಾಟಿನ್ ಗ್ರಂಥಗಳಲ್ಲಿ ಈ ಕ್ರಿಯಾಪದ ಉಪಸರ್ಗವಿಲ್ಲದೆ ಒಂಟಿಯಾಗಿ ಕಾಣಸಿಗುವುದು ಅಪರೂಪ. ಒಂದು ಪ್ರಸಿದ್ಧ ಪ್ರಯೋಗ ವರ್ಜಿಲ್ ಕವಿಯ 'ಈನಿಯಡ್' ಮಹಾಕಾವ್ಯದ ಐದನೆಯ ಸರ್ಗದಲ್ಲಿದೆ: ದಾರಿಯ ದಿಬ್ಬದ ಮೇಲೆ ಗಾಡಿಯ ಚಕ್ರಕ್ಕೆ ಸಿಕ್ಕಿ ಅರೆಜೀವವಾದ ಹಾವು ಮುಂದಕ್ಕೆ ಹರಿಯಲಾರದೆ ತನ್ನ ಮೈಯ ಮೇಲೆ ತಾನೇ ಸುತ್ತಿಕೊಳ್ಳುತ್ತದೆ, ಆ ಸುತ್ತಿಕೊಳ್ಳುವಿಕೆಗೆ ಕವಿ ಬಳಸಿದ್ದು ಇದೇ ಪದವನ್ನು. ಎಣಿಕೆಗೂ ಈ ಧಾತು ಬಳಕೆಯಾಯಿತು. 'ದುಪ್ಲೆಕ್ಸ್' ಎಂದರೆ ಎರಡು ಮಡಿಕೆಯದು, 'ತ್ರಿಪ್ಲೆಕ್ಸ್' ಮೂರರದು, 'ಮುಲ್ತಿಪ್ಲೆಕ್ಸ್' ಹಲವು ಮಡಿಕೆಯದು. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವೂ ಬಟ್ಟೆಯ ಮಡಿಕೆಯಿಂದಲೇ ಎಣಿಸಿದವರು.

ಮಡಚುವ ಮಾತಿನಿಂದ ಬರುವ ಮಾತು ಹುಟ್ಟಬಹುದೇ ಎಂಬ ಅನುಮಾನ ನಿಮಗಿರಬಹುದು. ಮಡಚುವುದು ಎಂಥ ಕ್ರಿಯೆ ಎಂದು ಒಮ್ಮೆ ಕಣ್ಣಾರೆ ನೋಡಿದರೆ ಅನುಮಾನ ಅರ್ಧ ಕಳೆಯುತ್ತದೆ. ಒಗೆದು ಒಣಗಿಸಿದ ಜಮಖಾನವನ್ನೋ ದೊಡ್ಡ ಹೊದಿಕೆಯನ್ನೋ ಮನೆಯಲ್ಲಿ ಇಬ್ಬರು ಸೇರಿ ಮಡಚುವುದನ್ನು ನೆನಪಿಸಿಕೊಳ್ಳಿ. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು ದೂರದಲ್ಲಿ ನಿಲ್ಲುತ್ತಾರೆ, ಜಗ್ಗಿ ಸುಕ್ಕು ಬಿಡಿಸುತ್ತಾರೆ, ಆಮೇಲೆ ಒಬ್ಬರ ಕಡೆಗೆ ಇನ್ನೊಬ್ಬರು ನಡೆದು ಬಂದು ತುದಿಗೆ ತುದಿ ಕೂಡಿಸುತ್ತಾರೆ. ಅಲ್ಲಿ ಮಡಚುವುದು ಎಂದರೆ ಹತ್ತಿರ ಬರುವುದೇ. ದೂರದಲ್ಲಿದ್ದ ಎರಡು ಅಂಚುಗಳು ಒಂದನ್ನೊಂದು ಮುಟ್ಟುವುದೇ ಮಡಿಕೆಯ ಸಾರ. ಲ್ಯಾಟಿನ್ ಮಾತನಾಡುವವರು ಈ ಅಂಶವನ್ನು ಹಿಡಿದುಕೊಂಡರು, ಮತ್ತು ಹಿಡಿದುಕೊಂಡದ್ದಕ್ಕೆ ಬರಹದ ಸಾಕ್ಷ್ಯವಿದೆ.

ಆ ಸಾಕ್ಷ್ಯದ ಮೊದಲ ಕಂತು 'ಆಪ್ಲಿಕಾರೆ' ಎಂಬ ಸಂಯುಕ್ತ ಕ್ರಿಯಾಪದ. 'ಆದ್' ಎಂದರೆ 'ಕಡೆಗೆ', ಅದಕ್ಕೆ 'ಪ್ಲಿಕಾರೆ' ಸೇರಿ 'ಒಂದಕ್ಕೆ ಒತ್ತಾಗಿ ತರು, ತಾಗಿಸು' ಎಂಬ ಅರ್ಥ ಬಂದಿತು. ಸೀಸರ್, ಲಿವಿ ಮೊದಲಾದವರು ಹಡಗನ್ನು ದಡಕ್ಕೆ ತಂದು ನಿಲ್ಲಿಸುವುದಕ್ಕೆ ಇದನ್ನು ಬಳಸಿದ್ದಾರೆ. ಕಾಲಕ್ರಮದಲ್ಲಿ 'ಹಡಗನ್ನು' ಎಂಬ ಕರ್ಮಪದ ಬಿದ್ದುಹೋಗಿ, ಬರಿಯ 'ಆಪ್ಲಿಕಾರೆ' ಎಂದರೇ ದಡ ಸೇರು ಎಂದಾಯಿತು. ಬೈಬಲ್ಲಿನ ಲ್ಯಾಟಿನ್ ಅನುವಾದದಲ್ಲಿ, ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ, ಪೌಲನೂ ಸಂಗಡಿಗರೂ ಸಾಮೊಸ್ ದ್ವೀಪಕ್ಕೆ ಬಂದದ್ದನ್ನು ಹೇಳುವ ಕ್ರಿಯಾಪದ ಇದೇ, ಮತ್ತು ಅಲ್ಲಿ ಹಡಗಿನ ಹೆಸರು ಎತ್ತಿಲ್ಲ.

ಎರಡನೆಯ ಕಂತು ಇನ್ನೂ ಮುಖ್ಯವಾದದ್ದು. ಕ್ರಿ.ಶ. 381ರಿಂದ 384ರ ಸುಮಾರಿಗೆ ಎಗೇರಿಯಾ ಎಂಬ ಮಹಿಳೆ ಪಶ್ಚಿಮ ಯುರೋಪಿನಿಂದ ಹೊರಟು ಈಜಿಪ್ಟ್, ಸಿನಾಯ್, ಜೆರುಸಲೇಮ್, ಎಡೆಸ್ಸಾಗಳ ಯಾತ್ರೆ ಮಾಡಿ, ಕಂಡದ್ದನ್ನೆಲ್ಲ ತನ್ನ ಊರಿನ ಸಹೋದರಿಯರಿಗೆ ಬರೆದು ತಿಳಿಸಿದಳು. ಆಕೆ ಸ್ಪೇನಿನ ವಾಯವ್ಯ ಮೂಲೆಯ ಗಾಲೀಸಿಯಾದವಳು ಎಂದು ಹಲವು ವಿದ್ವಾಂಸರ ಅಭಿಪ್ರಾಯ, ಗಾಲ್ ದೇಶದವಳು, ಅಂದರೆ ಇಂದಿನ ಫ್ರಾನ್ಸಿನ ಕಡೆಯವಳು, ಎನ್ನುವವರೂ ಇದ್ದಾರೆ. ಹನ್ನೊಂದನೆಯ ಶತಮಾನದ ಒಂದೇ ಒಂದು ಹಸ್ತಪ್ರತಿಯಲ್ಲಿ ಈ ಬರಹದ ಒಂದು ಭಾಗ ಉಳಿದಿತ್ತು, ಅದನ್ನು ಇಟಲಿಯ ಅರೆತ್ಸೊ ಪಟ್ಟಣದಲ್ಲಿ ಗಮುರ್ರೀನಿ ಎಂಬ ವಿದ್ವಾಂಸರು 1884ರಲ್ಲಿ ಪತ್ತೆಮಾಡಿದರು. ಎಗೇರಿಯಾಳ ಲ್ಯಾಟಿನ್ ಪಂಡಿತರ ಲ್ಯಾಟಿನ್ ಅಲ್ಲ, ಜನರ ಆಡುಮಾತಿಗೆ ಹತ್ತಿರವಾದದ್ದು, ಆದ್ದರಿಂದಲೇ ನಮ್ಮಂಥವರಿಗೆ ಅದು ನಿಧಿ. ಎಡೆಸ್ಸಾದ ಬಿಷಪ್ಪರು ಆಕೆಗೆ ಒಂದು ಐತಿಹ್ಯವನ್ನು ಹೇಳುತ್ತಾರೆ: ಪರ್ಷಿಯಾದ ಸೈನ್ಯ ನಗರಕ್ಕೆ ಮೂರು ಮೈಲಿಯಷ್ಟು ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಕತ್ತಲು ಕವಿಯಿತು. ಆ 'ಹತ್ತಿರ ಬಂದಾಗ' ಎಂಬಲ್ಲಿ ಎಗೇರಿಯಾ ಬರೆದದ್ದು ಉಪಸರ್ಗವಿಲ್ಲದ 'ಪ್ಲಿಕಾರೆ'ಯನ್ನು. ಇಲ್ಲಿ ಹಾಯಿ ಇಲ್ಲ, ಹಡಗಿಲ್ಲ, ಸಮುದ್ರವೇ ಇಲ್ಲ. ಮೆಸೊಪೊಟೇಮಿಯಾದ ಒಣನೆಲದ ಮೇಲೆ ಸೈನ್ಯವೊಂದು ನಡೆದು ಬರುತ್ತಿದೆ. ನಾಲ್ಕನೆಯ ಶತಮಾನದ ಕೊನೆಗೆ ಜನರ ಮಾತಿನಲ್ಲಿ ಈ ಕ್ರಿಯಾಪದಕ್ಕೆ 'ಸಮೀಪಿಸು' ಎಂಬ ಅರ್ಥ ಆಗಲೇ ಕೂಡಿಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಹಾಗಾದರೆ ನಾವಿಕರ ಪಾತ್ರ ಏನೂ ಇಲ್ಲವೇ? ಇದೆ, 'ಆಪ್ಲಿಕಾರೆ' ಬೆಳೆದದ್ದೇ ಬಂದರಿನಲ್ಲಿ. ನಾನು ಒಪ್ಪದಿರುವುದು ಹಾಯಿ ಮಡಚುವ ಚಿತ್ರವನ್ನು ಮಾತ್ರ. ಹಾಯಿ ಸುತ್ತುವುದಕ್ಕೆ ಲ್ಯಾಟಿನ್ನಿನಲ್ಲಿ 'ವೇಲ ಲೆಗೆರೆ', 'ವೇಲ ಕೊಂತ್ರಾಹೆರೆ' ಎಂಬ ಸಿದ್ಧ ಪ್ರಯೋಗಗಳಿದ್ದವು. ಹಡಗಿನ ಹೊಟ್ಟೆ ದಡಕ್ಕೆ ತಾಗುವುದರಿಂದ 'ಸೇರು' ಎಂಬ ಅರ್ಥ ಸಲೀಸಾಗಿ ಬರುವಾಗ ಹಾಯಿಯ ಹಂಗೇಕೆ? ಹಳೆಯ ಸ್ಪ್ಯಾನಿಷ್ ಕೂಡ ಇದನ್ನೇ ಹೇಳುತ್ತದೆ. ಅಲ್ಲಿ ಇದೇ ಕ್ರಿಯಾಪದಕ್ಕೆ 'ಹತ್ತಿರ ತರು, ಒಟ್ಟುಮಾಡು' ಎಂಬ ಸಕರ್ಮಕ ಅರ್ಥವೂ ಇತ್ತು, ಅದು ಇಂದಿಗೂ 'ಆಯೆಗಾರ್' ಎಂಬ ರೂಪದಲ್ಲಿ ಉಳಿದಿದೆ. ಮನೆಗೆ ಬೇಕಾದವರು, ಆಪ್ತರು, ನೆಂಟರು ಸ್ಪ್ಯಾನಿಷ್‌ನಲ್ಲಿ 'ಆಯೆಗಾದೊಸ್', ಅಂದರೆ ಹತ್ತಿರಕ್ಕೆ ಬಂದವರು. ಹಾಯಿ ಮಡಚುವುದರಿಂದ ನೆಂಟರು ಹುಟ್ಟುವುದಿಲ್ಲ.

ಅಕ್ಕಪಕ್ಕದ ಭಾಷೆಗಳೂ ಇದೇ ದಾರಿಯನ್ನು ತೋರಿಸುತ್ತವೆ. ಲ್ಯಾಟಿನ್ನಿನ 'ಯುಂಗೆರೆ' ಎಂದರೆ ಕೂಡಿಸು, ನೊಗಕ್ಕೆ ಹೂಡು. ಅದರಿಂದ ಬಂದ ಇಟಾಲಿಯನ್ 'ಜುಂಜೆರೆ' ಎಂದರೆ ತಲುಪು. ಅದಕ್ಕೇ 'ಆದ್' ಸೇರಿಸಿದ 'ಆದ್ಯುಂಗೆರೆ'ಯಿಂದ ಬಂದ ರೊಮೇನಿಯನ್ 'ಅಜುಂಜೆ' ಎಂದರೂ ತಲುಪು. ಕನ್ನಡದ 'ಸೇರು' ಕೂಡ ಹೀಗೆಯೇ ಇದೆಯಲ್ಲ: ಹಾಲಿಗೆ ನೀರು ಸೇರುತ್ತದೆ, ಕತ್ತಲಾಗುವುದರೊಳಗೆ ನಾವು ಮನೆ ಸೇರುತ್ತೇವೆ. ನಮ್ಮ ಉತ್ತರದ ಜಿಲ್ಲೆಗಳವರು 'ಊರು ಮುಟ್ಟಿದೆವು' ಎನ್ನುತ್ತಾರೆ. ತುದಿಗೆ ತುದಿ ತಾಗಿದರೆ ಪ್ರಯಾಣ ಮುಗಿಯಿತು ಎಂಬ ಕಲ್ಪನೆಗೆ ನಾವಿಕನೇ ಬೇಕೆಂದಿಲ್ಲ.

ರೊಮೇನಿಯಾದ ಕಥೆ ಇದಕ್ಕಿಂತ ತೊಡಕಿನದು, ಮತ್ತು ಅಲ್ಲಿ ವಿದ್ವಾಂಸರ ನಡುವೆ ಒಮ್ಮತವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಡೇರೆಯ ವಾದವನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಟ್ರೇಜನ್ ಚಕ್ರವರ್ತಿ ಕ್ರಿ.ಶ. 106ರಲ್ಲಿ ಗೆದ್ದು, ಆರೇಲಿಯನ್ 270ರ ದಶಕದಲ್ಲಿ ಬಿಟ್ಟುಬಂದ ಡಾಕಿಯಾ ಪ್ರಾಂತ, ಅಂದರೆ ಇಂದಿನ ರೊಮೇನಿಯಾದ ನೆಲ, ದಂಡು ಬೀಡುಬಿಟ್ಟಿದ್ದ ಗಡಿನಾಡು. ಅಲ್ಲಿನ ಲ್ಯಾಟಿನ್ನಿನಲ್ಲಿ ಸೈನ್ಯದ ವಾಸನೆ ಇದ್ದೇ ಇದೆ: ಮುದುಕ ಎಂಬುದಕ್ಕೆ ರೊಮೇನಿಯನ್ ಪದ 'ಬತ್ರಿನ್', ಅದು ನಿವೃತ್ತ ಸೈನಿಕ ಎಂಬರ್ಥದ 'ವೆತೆರಾನುಸ್' ಪದದ ರೂಪಾಂತರ. ಮಡಚುವುದರಿಂದ ಹೊರಡುವುದು ಹುಟ್ಟುವುದೂ ಅಸಹಜವಲ್ಲ. 'ಗಂಟುಮೂಟೆ ಕಟ್ಟಿದ' ಎಂದರೆ ನಮಗೆ ಮನುಷ್ಯ ಊರು ಬಿಟ್ಟ ಎಂದೇ ಅರ್ಥ. ಆದರೆ ಪಾಳೆಯ ಕೀಳುವುದಕ್ಕೆ ರೋಮನ್ ಸೈನ್ಯದಲ್ಲಿ ಬಳಕೆಯಲ್ಲಿದ್ದ ಮಾತುಗಳು 'ಕಾಸ್ತ್ರ ಮೊವೇರೆ', 'ವಾಸ ಕೊಲ್ಲಿಗೆರೆ' ಮೊದಲಾದವು. ಮೊದಲನೆಯದು ಪಾಳೆಯವನ್ನು ಕದಲಿಸುವುದು, ಎರಡನೆಯದು ಪಾತ್ರೆ-ಪಡಗ ಒಟ್ಟುಮಾಡುವುದು. ಡೇರೆಗೆ 'ಪ್ಲಿಕಾರೆ'ಯನ್ನು ಗಂಟುಹಾಕಿ ಹೊರಡುವ ಅರ್ಥ ತಂದ ಪ್ರಯೋಗ ಇದಕ್ಕೆ ಆಧಾರವಾಗಿ ಮುಂದಿಡಲ್ಪಟ್ಟಿದ್ದನ್ನು ನಾನು ಕಂಡಿಲ್ಲ. ಊಹೆ ಚಂದವಾಗಿದೆ, ಕೆಳಗೆ ನೆಲವಿಲ್ಲ.

ನನಗೆ ಹೆಚ್ಚು ಸಮಂಜಸವೆನಿಸುವ ದಾರಿ ರೊಮೇನಿಯನ್ ಭಾಷೆಯ ಒಳಗೇ ಇದೆ. 'ಪ್ಲೆಕಾ'ಗೆ ಇಂದಿಗೂ ಎರಡು ಅರ್ಥಗಳಿವೆ: ಒಂದು ಹೊರಡು, ಇನ್ನೊಂದು ಬಾಗು ಅಥವಾ ಬಾಗಿಸು. ಯೋಹಾನನ ಸುವಾರ್ತೆಯಲ್ಲಿ ಯೇಸು ಶಿಲುಬೆಯ ಮೇಲೆ ತಲೆ ಬಾಗಿಸಿ ಪ್ರಾಣ ಬಿಟ್ಟನೆಂಬ ಮಾತು ರೊಮೇನಿಯನ್ ಬೈಬಲ್ಲಿನಲ್ಲಿ ಇದೇ ಕ್ರಿಯಾಪದದಿಂದ ಬಂದಿದೆ. ತಲೆಬಾಗಿ ಮಾಡುವ ನಮಸ್ಕಾರಕ್ಕೆ 'ಪ್ಲೆಕಚ್ಯೂನೆ' ಎನ್ನುತ್ತಾರೆ. ಮಡಚುವುದು ಎಂದರೆ ಬಾಗಿಸುವುದು. ಬಾಗುವುದು ಎಂದರೆ ಒಂದು ಕಡೆಗೆ ವಾಲುವುದು. ತನ್ನನ್ನು ಒಂದು ಕಡೆಗೆ ವಾಲಿಸಿಕೊಂಡವನು ಆ ಕಡೆಗೆ ತಿರುಗಿದವನು, ಹೊರಟವನು. ತಕ್ಕಡಿಯ ತಟ್ಟೆ ಒಂದು ಕಡೆಗೆ ವಾಲಿದಂತೆ ನಡೆಯುವವನ ಮೈಯೂ ಮೊದಲ ಹೆಜ್ಜೆಗೆ ಮುಂಚೆ ಮುಂದಕ್ಕೆ ವಾಲುತ್ತದೆ.

ಹೀಗೆ ನೋಡಿದಾಗ ಸ್ಪೇನಿನ 'ಬರು' ಮತ್ತು ರೊಮೇನಿಯಾದ 'ಹೊರಡು' ವಿರುದ್ಧಾರ್ಥಗಳಾಗಿ ಉಳಿಯುವುದಿಲ್ಲ. 'ಅಲ್ಲಿಗೆ ತಿರುಗಿ ಸಮೀಪಿಸು' ಎಂಬ ಒಂದೇ ಚಲನೆಗೆ ಎರಡು ತುದಿಗಳಿವೆ. ಸ್ಪೇನಿನವರು ಮುಟ್ಟುವ ತುದಿಯನ್ನು ಹಿಡಿದರು, ದಾನ್ಯೂಬಿನ ಕಡೆಯವರು ಬಿಡುವ ತುದಿಯನ್ನು ಹಿಡಿದರು. ಸ್ಪ್ಯಾನಿಷ್‌ನಲ್ಲೇ ಇದರ ಪಳೆಯುಳಿಕೆಯೊಂದಿದೆ: 'ಯೇಗಾತೆ ಆ ಲಾ ತ್ಯೆಂದಾ' ಎಂದರೆ 'ಅಂಗಡಿಯವರೆಗೆ ಒಮ್ಮೆ ಹೋಗಿ ಬಾ' ಎಂದು. ಕ್ರಿಯಾಪದ 'ಯೆಗಾರ್'ದೇ, ಆದರೆ ಆಡುವವರ ಕಣ್ಣು ಹೊರಡುವ ತುದಿಯ ಮೇಲಿದೆ. ಮನೆಯಿಂದ ಹೊರಡುವಾಗ ನಾವು 'ಬರ್ತೀನಿ' ಎನ್ನುವುದೂ ಇಲ್ಲಿ ನೆನಪಾಗಬಹುದು, ಆದರೆ ಅದರ ಕಾರಣ ಬೇರೆ. 'ಹೋಗ್ತೀನಿ' ಎಂಬುದು ಅಶುಭವೆಂಬ ಭಾವನೆ ಅಲ್ಲಿ ಕೆಲಸ ಮಾಡುತ್ತದೆ, ಆದ್ದರಿಂದ ಅದನ್ನು ಇದಕ್ಕೆ ಸಾಕ್ಷಿಯಾಗಿ ತರುವುದಿಲ್ಲ.

ಇದಕ್ಕಿಂತ ಬಲವಾದ ಇನ್ನೊಂದು ಅಂಶವನ್ನು, ಸಾಮಾನ್ಯವಾಗಿ ಯಾರೂ ಒತ್ತಿ ಹೇಳದಿರುವುದನ್ನು, ಗಮನಕ್ಕೆ ತರಬಯಸುತ್ತೇನೆ. 'ಪ್ಲಿಕಾರೆ' ಮಡಚುವ ಕೆಲಸ ಬಿಟ್ಟು ಹೋದ ಕಡೆಗಳಲ್ಲಿ ಬಟ್ಟೆಯನ್ನು ಯಾರು ಮಡಚಿದರು? ಸ್ಪ್ಯಾನಿಷ್‌ನಲ್ಲಿ ಬಟ್ಟೆ ಮಡಚುವುದಕ್ಕೆ ದಿನಬಳಕೆಯ ಮಾತು 'ದೊಬ್ಲಾರ್', ಪೋರ್ಚುಗೀಸ್‌ನಲ್ಲಿ 'ದೊಬ್ರಾರ್', ಎರಡೂ 'ಎರಡಾಗಿಸು' ಎಂಬರ್ಥದ ಲ್ಯಾಟಿನ್ 'ದುಪ್ಲಾರೆ'ಯಿಂದ ಬಂದವು. ಅತ್ತ ಪೂರ್ವದ ತುದಿಯಲ್ಲಿ ರೊಮೇನಿಯನ್ನರು 'ಇಂದೊಯಿ' ಎನ್ನುತ್ತಾರೆ, ಅದರೊಳಗೂ 'ದೊಯ್' ಎಂಬ ಎರಡರ ಸಂಖ್ಯೆ ಇದೆ. ಒಂದಕ್ಕೊಂದು ಸಂಪರ್ಕವಿಲ್ಲದ ಎರಡು ಕೊನೆಗಳಲ್ಲಿ, ಹಳೆಯ ಪದ ಮನೆ ಖಾಲಿಮಾಡಿದಾಗ, ಬಾಡಿಗೆಗೆ ಬಂದದ್ದು ಎರಡರ ಸಂಖ್ಯೆಯಿಂದಾದ ಪದವೇ. ನಡುವಿನ ಫ್ರಾನ್ಸ್ ಮತ್ತು ಇಟಲಿಗಳಲ್ಲಿ 'ಪ್ಲಿಕಾರೆ' ಬಟ್ಟೆಯ ಬಳಿಯೇ ಉಳಿಯಿತು, ಆದ್ದರಿಂದ ತಲುಪುವುದಕ್ಕೆ ಬೇರೆ ಮಾತು ಬೇಕಾಯಿತು; ಸಿಕ್ಕಿದ್ದು 'ಅರಿವೆ', 'ಅರ್ರಿವಾರೆ'. ಇವುಗಳ ಮೂಲದಲ್ಲಿರುವ 'ರೀಪ' ಎಂದರೆ ದಡ, ಅಂದರೆ ಮೂಲಾರ್ಥ 'ದಡಕ್ಕೆ ಹತ್ತು'. ನಾವಿಕರ ಕಥೆ ಹೇಳಲೇಬೇಕೆಂದಿದ್ದರೆ ನಿಮ್ಮ ಸಹೋದ್ಯೋಗಿ ಫ್ರೆಂಚ್ ಪದವನ್ನು ಹಿಡಿದುಕೊಂಡು ಹೇಳಲಿ, ಅಲ್ಲಿ ಸಾಕ್ಷಿ ಶಬ್ದದೊಳಗೇ ಇದೆ.

ಸ್ಪ್ಯಾನಿಷ್ ನಿಘಂಟಿನಲ್ಲಿ 'ಪ್ಲೆಗಾರ್' ಎಂಬ ಇನ್ನೊಂದು ಕ್ರಿಯಾಪದ 'ಮಡಚು' ಎಂಬ ಅರ್ಥದಲ್ಲಿಯೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಅದರ 'ಪ್ಲ' ಒಡೆಯದೆ ಉಳಿದಿರುವುದೇ ಅದು ಜನರ ಬಾಯಿಯಲ್ಲಿ ನಿರಂತರವಾಗಿ ಸವೆದು ಬಂದ ಪದವಲ್ಲ, ಓದಿದವರ ಲ್ಯಾಟಿನ್ನಿನ ಪ್ರಭಾವಕ್ಕೆ ಒಳಗಾದದ್ದು ಎಂಬುದರ ಗುರುತು. ನಮ್ಮಲ್ಲಿ ತದ್ಭವ ತತ್ಸಮ ಎರಡೂ ಒಂದೇ ಮನೆಯಲ್ಲಿರುವಂತೆ ಅಲ್ಲಿ 'ಯೆಗಾರ್' ಮತ್ತು 'ಪ್ಲೆಗಾರ್' ಇವೆ. ವಿವರಿಸು ಎಂಬರ್ಥದ 'ಎಕ್ಸ್‌ಪ್ಲಿಕಾರ್', ಅನ್ವಯಿಸು ಎಂಬರ್ಥದ 'ಆಪ್ಲಿಕಾರ್' ಮೊದಲಾದವಂತೂ ಪೂರ್ತಿ ತತ್ಸಮಗಳು.

ಈ 'ಎಕ್ಸ್‌ಪ್ಲಿಕಾರೆ'ಯ ಬಗ್ಗೆ ಒಂದು ಮಾತು ಹೇಳದಿರಲಾರೆ. ಅದರ ಮೂಲಾರ್ಥ ಮಡಿಕೆ ಬಿಚ್ಚು, ಸುರುಳಿ ಬಿಚ್ಚು. ರೋಮನ್ನರ ಪುಸ್ತಕ ಸುರುಳಿಯ ರೂಪದಲ್ಲಿತ್ತು, ಓದುವುದೆಂದರೆ ಬಿಚ್ಚುತ್ತ ಹೋಗುವುದು. ಇಟಾಲಿಯನ್‌ನಲ್ಲಿ ಇದರ ತದ್ಭವ 'ಸ್ಪ್ಯೆಗಾರೆ' ಎರಡೂ ಅರ್ಥಗಳನ್ನು ಇವತ್ತಿಗೂ ಒಟ್ಟಿಗೆ ಹೊತ್ತಿದೆ: ಮೇಷ್ಟ್ರು ಪಾಠವನ್ನು 'ಸ್ಪ್ಯೆಗಾರೆ' ಮಾಡುತ್ತಾರೆ, ಹಡಗು ಹಾಯಿಯನ್ನು 'ಸ್ಪ್ಯೆಗಾರೆ' ಮಾಡುತ್ತದೆ. ಅಂದರೆ ಈ ಕುಟುಂಬದಲ್ಲಿ ಹಾಯಿ ಇಲ್ಲವೇ ಇಲ್ಲ ಎಂದಲ್ಲ, ಇದೆ. ಆದರೆ ಅದು ಬಿಚ್ಚುವ ಕಡೆಯಲ್ಲಿದೆ, ಮತ್ತು ಅದು ಇಟಲಿಯಲ್ಲಿದೆ. ನಾವು 'ಬಿಡಿಸಿ ಹೇಳು', 'ಬಿಚ್ಚಿ ಹೇಳು' ಎನ್ನುವುದರ ಹಿಂದಿರುವ ಚಿತ್ರವೂ ಇದೇ.

ಇನ್ನುಳಿದ ಸಂಯುಕ್ತಗಳಲ್ಲಿ 'ಇಂಪ್ಲಿಕಾರೆ' ಎಂದರೆ ಒಳಗೆ ಸುತ್ತು, ಸಿಕ್ಕಿಸು. ಅದರ ಫ್ರೆಂಚ್ ರೂಪ 'ಆಂಪ್ಲ್ವಾಯೆ' ಎಂದರೆ ಉಪಯೋಗಿಸು, ಕೆಲಸಕ್ಕೆ ಇಟ್ಟುಕೊಳ್ಳು. ಉದ್ಯೋಗ ಎಂಬರ್ಥದ ಸ್ಪ್ಯಾನಿಷ್ 'ಎಂಪ್ಲೆಯೊ' ಫ್ರೆಂಚಿನಿಂದಲೇ ಪಡೆದದ್ದು, ಅದೇ ಅರ್ಥದ ಪೋರ್ಚುಗೀಸ್ 'ಎಂಪ್ರೇಗು' ಮಾತ್ರ ಗಕಾರವನ್ನು ಉಳಿಸಿಕೊಂಡು ಲ್ಯಾಟಿನ್ನಿನಿಂದಲೇ ಬಂದದ್ದು. ಇಂಗ್ಲಿಷಿನ ಮೂಲಕ ಇದು ನಮ್ಮ ಕಚೇರಿಗಳಿಗೂ 'ಎಂಪ್ಲಾಯಿ' ಆಗಿ ಬಂದಿದೆ. ಕೆಲಸಕ್ಕೆ 'ಅಪ್ಲೈ' ಮಾಡಿ 'ರಿಪ್ಲೈ' ಕಾಯುವವರು, ಬೀಗದ 'ಡೂಪ್ಲಿಕೇಟ್' ಕೀ ಮಾಡಿಸುವವರು, 'ಪ್ಲೈವುಡ್' ಕೊಳ್ಳುವವರು, ವಾರಾಂತ್ಯಕ್ಕೆ 'ಮಲ್ಟಿಪ್ಲೆಕ್ಸ್'ಗೆ ಹೋಗುವವರು ಎಲ್ಲರೂ ಗೊತ್ತಿಲ್ಲದೆ ಈ ಧಾತುವನ್ನೇ ಉಚ್ಚರಿಸುತ್ತಿದ್ದಾರೆ. ಪ್ಲೈವುಡ್ಡಿನ ಅಂಚನ್ನು ನೋಡಿದರೆ ಪದರದ ಮೇಲೆ ಪದರ ಕಣ್ಣಿಗೇ ಕಾಣುತ್ತದೆ. ಆದರೆ 'ಸಪ್ಲೈ'ಯನ್ನು ಇವರೊಂದಿಗೆ ಸೇರಿಸಬೇಡಿ. ಅದು 'ತುಂಬು' ಎಂಬರ್ಥದ ಬೇರೆ ಧಾತುವಿನ ಪದ, ಧ್ವನಿ ಮಾತ್ರ ಕೂಡಿಕೊಂಡಿದೆ.

ಮಡಚುವ ಕ್ರಿಯೆಗೆ ಇಷ್ಟೆಲ್ಲ ಅರ್ಥಗಳು ಹೇಗೆ ಎಂದು ಇನ್ನೂ ಆಶ್ಚರ್ಯವಿದ್ದರೆ ನಮ್ಮದೇ 'ಮಡಿ' ಧಾತುವನ್ನು ನೋಡಿ. ಬಟ್ಟೆ ಮಡಿಸುತ್ತೇವೆ, ಇಮ್ಮಡಿ ಮುಮ್ಮಡಿ ಎಂದು ಎಣಿಸುತ್ತೇವೆ, ಯುದ್ಧದಲ್ಲಿ ಯೋಧರು ಮಡಿಯುತ್ತಾರೆ. ತಮಿಳಿನಲ್ಲಿಯೂ 'ಮಡಿ' ಎಂಬ ಕ್ರಿಯಾಪದಕ್ಕೆ ಬಾಗು, ಮಡಿಕೆಯಾಗು, ಸಾಯು ಎಂಬ ಅರ್ಥಗಳಿವೆ. ಮೈ ಮಡಚಿಕೊಂಡು ಬೀಳುವುದೇ ಸಾವಾದದ್ದನ್ನು ನಾವು ಯೋಚಿಸದೆ ಒಪ್ಪಿಕೊಂಡಿದ್ದೇವೆ. ಅರ್ಥ ಊರಿಂದ ಊರಿಗೆ ಬದಲಾಗುವುದಕ್ಕೂ ದೂರ ಹೋಗಬೇಕಿಲ್ಲ: 'ಅವಸರ' ಎಂದರೆ ಕನ್ನಡದಲ್ಲಿ ಆತುರ, ತೆಲುಗಿನಲ್ಲಿ ಅಗತ್ಯ, ಹಿಂದಿಯಲ್ಲಿ ಅವಕಾಶ. ಆಂಧ್ರದ ಅಂಗಡಿಯಲ್ಲಿ 'ಅವಸರಂ ಲೇದು' ಎಂದರೆ ನಿಧಾನವಾಗಿ ಬನ್ನಿ ಎಂದಲ್ಲ, ಬೇಡ ಎಂದು.

ಕೊನೆಯದಾಗಿ, ನಿಮ್ಮ ಸಹೋದ್ಯೋಗಿಗೆ ಹೇಳಲು ಮ್ಯಾಡ್ರಿಡ್-ಬುಕಾರೆಸ್ಟ್ ಜೋಡಿಗಿಂತ ಒಳ್ಳೆಯ ಉದಾಹರಣೆಯೊಂದನ್ನು ಕೊಡುತ್ತೇನೆ, ಅದಕ್ಕೆ ಯುರೋಪಿನ ಎರಡು ಕೊನೆಗಳಿಗೆ ಹೋಗಬೇಕಾಗಿಲ್ಲ. ಸ್ಪೇನಿನ ಈಶಾನ್ಯದಲ್ಲಿ ಅರಾಗೊನ್ ಮತ್ತು ಕತಲೋನಿಯಾ ಅಕ್ಕಪಕ್ಕದ ಪ್ರಾಂತಗಳು. ಅರಾಗೊನಿನ ಉತ್ತರದ ಬೆಟ್ಟಗಳ ತಪ್ಪಲಿನಲ್ಲಿ ಈಗ ಕೆಲವೇ ಸಾವಿರ ಜನ ಆಡುವ ಅರಗೊನೀಸ್ ಭಾಷೆಯಲ್ಲಿ ಲ್ಯಾಟಿನ್ನಿನ 'ಪ್ಲ' ಒಡೆದಿಲ್ಲ, ಆದರೆ ಅರ್ಥ ಸ್ಪ್ಯಾನಿಷ್‌ನಂತೆಯೇ ಸಾಗಿದೆ. ಅಲ್ಲಿ 'ಪ್ಲೆಗಾರ್' ಎಂದರೆ ಬಂದು ತಲುಪು. ಕತಲಾನ್ ಭಾಷೆಯಲ್ಲಿ ಅದೇ ಅಕ್ಷರಗಳಲ್ಲಿ ಬರೆಯುವ, ಕೊನೆಯ ರಕಾರವನ್ನು ನುಂಗಿ ಉಚ್ಚರಿಸುವ 'ಪ್ಲೆಗಾರ್' ಎಂದರೆ ಮಡಚು, ಮತ್ತು ದಿನಬಳಕೆಯಲ್ಲಿ ಆ ದಿನದ ಕೆಲಸ ಮುಗಿಸಿ ಏಳು. ಬಾರ್ಸಿಲೋನಾದ ಗುಮಾಸ್ತರು ಸಂಜೆ ಒಬ್ಬರನ್ನೊಬ್ಬರು ಕೇಳುವುದು 'ಎಷ್ಟು ಹೊತ್ತಿಗೆ ಪ್ಲೆಗಾರ್ ಮಾಡುತ್ತೀ' ಎಂದು. ಸಂಜೆ ಆರು ಗಂಟೆಗೆ 'ಪ್ಲೆಗಾರ್ ಮಾಡಿದೆ' ಎಂದು ಇಬ್ಬರೂ ಫೋನಿನಲ್ಲಿ ಹೇಳಿದರೆ, ಅರಾಗೊನಿನ ರೈತ ಮನೆಯ ಬಾಗಿಲಲ್ಲಿ ನಿಂತಿರುತ್ತಾನೆ, ಬಾರ್ಸಿಲೋನಾದ ಗುಮಾಸ್ತ ಕಚೇರಿಯ ಬಾಗಿಲಿನಿಂದ ಈಗಷ್ಟೇ ಹೊರಗೆ ಕಾಲಿಡುತ್ತಿರುತ್ತಾನೆ.